ಸರದಿ ಅಕ್ಕನದು

"ಮುಗೀತು, ಬಾರೋ."

ಈ ಎರಡು ಮಾತಿಗಾಗಿ ನಾನು ಜಗಲಿಯ ಮೇಲೆ ಕಾದ ಹೊತ್ತನ್ನೆಲ್ಲ ಕೂಡಿಸಿದರೆ ಒಂದು ಮಳೆಗಾಲವೇ ಆದೀತು. ಕಂಪ್ಯೂಟರ್ ಇದ್ದದ್ದು ಪಣತದ ಪಕ್ಕದ ಕೋಣೆಯಲ್ಲಿ. ಬಾಗಿಲು ಮುಂದೆ ಮಾಡಿಕೊಂಡು ಅಕ್ಕ ಒಳಗೆ ಕೂತಿರುತ್ತಿದ್ದಳು. ಹೊರಗೆ ಮಾಡಿನಿಂದ ನೀರು ಇಳಿಯುತ್ತಿತ್ತು, ಅಜ್ಜ ಅಡಕೆ ಕತ್ತರಿಸುತ್ತಾ ಕೂತಿರುತ್ತಿದ್ದರು, ನಾನು ಕಂಬಕ್ಕೆ ಒರಗಿ ಒಳಗಿನ ಮೌಸಿನ ಕ್ಲಿಕ್ ಸದ್ದು ಎಣಿಸುತ್ತಿದ್ದೆ. ಇಣುಕಿ ನೋಡುವಂತಿರಲಿಲ್ಲ. ನೋಡಿದರೆ ಅವಳ ಸೈನ್ಯ ಎಲ್ಲಿದೆ, ಎಷ್ಟಿದೆ ಎಂದು ತಿಳಿದುಬಿಡುತ್ತಿತ್ತು. ನಾವು ಒಬ್ಬರಿಗೊಬ್ಬರು ಆಣೆ ಹಾಕಿಕೊಂಡವರಲ್ಲ, ಆದರೂ ಇಣುಕಿದ್ದಿಲ್ಲ.

ಆಟದ ಹೆಸರು ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ನ್ಯೂ ವರ್ಲ್ಡ್ ಕಂಪ್ಯೂಟಿಂಗ್ ಎಂಬ ಕಂಪನಿ ಮಾಡಿದ ಆಟ, ತ್ರೀಡಿಓ ಎಂಬ ಕಂಪನಿ 1999ರಲ್ಲಿ ಹೊರತಂದದ್ದು. ಬೆಂಗಳೂರಿನಲ್ಲಿದ್ದ ಮಾವ ಒಂದು ಬೇಸಿಗೆ ರಜೆಯಲ್ಲಿ ಸಿ.ಡಿ. ತಂದುಕೊಟ್ಟರು. 32 ಎಂಬಿ ರ‍್ಯಾಮ್ ಇದ್ದರೆ ಸಾಕು ಎಂದು ಅದರ ಮೇಲೆ ಬರೆದಿತ್ತು. ನಮ್ಮದರಲ್ಲಿ 64 ಇತ್ತು. ಆ ಹೊತ್ತಿಗೆ ನಮಗಿಂತ ಶ್ರೀಮಂತರು ಯಾರೂ ಇಲ್ಲ ಅನ್ನಿಸಿತ್ತು.

ಕತೆಯ ವಿಷಯ ಎರಡೇ ಮಾತು. ಎರಾಥಿಯ ಎಂಬ ರಾಜ್ಯದ ರಾಜ ಸತ್ತಿದ್ದಾನೆ, ಮಗಳು ಕ್ಯಾಥರೀನ್ ಅಪ್ಪನ ಅಂತ್ಯಕ್ರಿಯೆಗೆಂದು ಕಡಲು ದಾಟಿ ಬರುವಷ್ಟರಲ್ಲಿ ನಾಡು ವೈರಿಗಳ ಕೈಗೆ ಹೋಗಿದೆ. ಸತ್ತ ರಾಜನನ್ನೇ ಮಾಂತ್ರಿಕರು ಎಬ್ಬಿಸಿ ತಮ್ಮ ಪಾಳೆಯಕ್ಕೆ ಸೇರಿಸಿಕೊಂಡಿದ್ದಾರೆ. ಇದನ್ನೆಲ್ಲ ನಾವು ತಿಳಿದದ್ದು ಆಟ ಶುರುಮಾಡಿ ಎರಡು ವರ್ಷ ಕಳೆದ ಮೇಲೆ. ನಮಗೆ ಬೇಕಿದ್ದದ್ದು ಕತೆಯಲ್ಲ, ಒಂದೇ ಕಂಪ್ಯೂಟರಿನಲ್ಲಿ ಇಬ್ಬರು ಸರದಿಯ ಮೇಲೆ ಆಡುವ ಹಾಟ್‌ಸೀಟ್ ಎಂಬ ವ್ಯವಸ್ಥೆ. ನನ್ನ ದಿನ ಮುಗಿದರೆ ಪರದೆಯ ಮೇಲೆ ಅಕ್ಕನ ಬಾವುಟ ಬರುತ್ತದೆ, ಸರದಿ ಅವಳದು ಎಂದು ತೋರಿಸುತ್ತದೆ. ನಾನು ಎದ್ದು ಜಗಲಿಗೆ ಹೋಗುತ್ತೇನೆ.

ಈ ಆಟದಲ್ಲಿ ಹೊತ್ತು ಓಡುವುದಿಲ್ಲ. ನಮ್ಮ ಶಾಲೆಯ ಹುಡುಗರು ಆಗ ಆಡುತ್ತಿದ್ದ ಆಟಗಳೆಲ್ಲ ಕೈಚಳಕದವು, ಕಣ್ಣು ಮಿಟುಕಿಸಿದರೆ ಸತ್ತೆ. ಇಲ್ಲಿ ಒಂದು ದಿನ ಎಂದರೆ ನನ್ನ ಹೀರೊ, ಅಂದರೆ ನಕ್ಷೆಯ ಮೇಲೆ ಸೈನ್ಯ ನಡೆಸುವ ದಳಪತಿ, ಎಷ್ಟು ಹೆಜ್ಜೆ ನಡೆಯಬಲ್ಲನೋ ಅಷ್ಟು, ಜೊತೆಗೆ ಆಟದೊಳಗಿನ ನನ್ನ ಊರಿನಲ್ಲಿ ಕಟ್ಟಬಹುದಾದ ಒಂದೇ ಒಂದು ಕಟ್ಟಡ. ಅದನ್ನು ಐದು ನಿಮಿಷದಲ್ಲಿ ಮುಗಿಸಬಹುದು, ಊಟ ಮಾಡಿ ಬಂದು ಯೋಚಿಸಿ ಮುಗಿಸಬಹುದು. ಆಟ ಕಾಯುತ್ತದೆ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರಿಗೆ ಇದಕ್ಕಿಂತ ಒಪ್ಪುವ ಆಟ ಇರಲಿಲ್ಲ. ಪ್ರತಿ ದಿನದ ಶುರುವಿಗೆ ಅದು ತಾನಾಗಿ ಸೇವ್ ಆಗುತ್ತಿತ್ತು. ಕರೆಂಟು ಹೋಗಿ ಬಂದ ಮೇಲೆ ಕಳೆದುಕೊಂಡದ್ದು ಹೆಚ್ಚೆಂದರೆ ಅರ್ಧ ದಿನ. ಆ ಅರ್ಧ ದಿನವನ್ನು ಮತ್ತೆ ಆಡುವಾಗ, ಮೊದಲು ಮಾಡಿದ ತಪ್ಪನ್ನು ತಿದ್ದಿಕೊಳ್ಳಬಾರದು, ಆಡಿದ್ದನ್ನೇ ಆಡಬೇಕು ಎಂದು ಅಕ್ಕ ಕಟ್ಟಳೆ ಮಾಡಿದ್ದಳು. ಅವಳು ಅದನ್ನು ಪಾಲಿಸಿದಳು. ನಾನು ಹೆಚ್ಚು ಕಡಿಮೆ ಪಾಲಿಸಿದೆ.

ಏಳು ದಿನಕ್ಕೆ ಒಂದು ವಾರ, ನಾಲ್ಕು ವಾರಕ್ಕೆ ಒಂದು ತಿಂಗಳು. ವಾರದ ಮೊದಲ ದಿನ ಬೆಳಗಾದರೆ ಒಂದು ಪ್ರಕಟಣೆ ಬರುತ್ತದೆ: ಜೋಯಿಸರು ಇದು ಅಳಿಲಿನ ವಾರ ಎಂದು ಸಾರಿದ್ದಾರೆ. ಅಥವಾ ಮುಂಗುಸಿಯ ವಾರ, ಎರೆಹುಳುವಿನ ವಾರ. ಬಹಳ ಸಲ ಆ ಹೆಸರಿಗೆ ಫಲವೇನೂ ಇರುವುದಿಲ್ಲ. ಕೆಲವು ಸಲ ಗ್ರಿಫಿನ್ ವಾರವೋ ಸ್ಕೆಲಿಟನ್ ವಾರವೋ ಬಂದು ಆ ಜಾತಿಯ ಸೈನ್ಯ ಹೆಚ್ಚು ಹುಟ್ಟುತ್ತದೆ. ಅಪರೂಪಕ್ಕೆ ಪ್ಲೇಗಿನ ತಿಂಗಳು ಬರುತ್ತದೆ, ಎಲ್ಲರ ಊರಿನಲ್ಲೂ ಸೇರಿಸಿಕೊಳ್ಳಲು ಕಾದಿದ್ದ ಸೈನ್ಯ ಅರ್ಧಕ್ಕರ್ಧ ಇಳಿಯುತ್ತದೆ.

ನಮ್ಮ ಅಜ್ಜ ಯುಗಾದಿಯ ದಿನ ನಾಲ್ಕು ಮನೆಯವರನ್ನು ಕೂರಿಸಿಕೊಂಡು ಪಂಚಾಂಗ ಓದುವವರು. ಆ ವರ್ಷದ ರಾಜ ಯಾರು, ಮಂತ್ರಿ ಯಾರು, ಮಳೆ ಎಷ್ಟು, ಯಾವ ಬೆಳೆಗೆ ಯಾವ ಫಲ, ಎಲ್ಲ ಅವರ ಬಾಯಲ್ಲೇ ಕೇಳಬೇಕು. ಕಂಪ್ಯೂಟರಿನಲ್ಲೂ ಜೋಯಿಸರಿದ್ದಾರೆ ಎಂದು ಅಕ್ಕ ಹೇಳಿದ ದಿನದಿಂದ ಅವರಿಗೆ ಆಟದ ಮೇಲೆ ಒಂದು ಬಗೆಯ ಗೌರವ ಬಂತು. ಸಂಜೆ ಸಂಧ್ಯಾವಂದನೆ ಮುಗಿಸಿ ಬಂದವರು, "ಈ ವಾರದ ಫಲ ಏನಂತೆ?" ಎಂದು ಕೇಳುತ್ತಿದ್ದರು. ನಾವು ಹೇಳುತ್ತಿದ್ದೆವು. ಪ್ಲೇಗು ಬಂತು ಅಂದ ದಿನ ಅವರು ನಕ್ಕಿರಲಿಲ್ಲ. ಅವರ ಅಪ್ಪನ ಕಾಲದಲ್ಲಿ ಊರಿಗೆ ಊರೇ ಗುಡಿಸಲು ಹಾಕಿಕೊಂಡು ಕಾಡಿನಲ್ಲಿ ಕೂತದ್ದನ್ನು ಅವತ್ತು ರಾತ್ರಿ ಊಟ ಮಾಡುತ್ತಾ ಹೇಳಿದರು. ಆಟ ಇರದಿದ್ದರೆ ಆ ಕತೆ ನಮಗೆ ಸಿಗುತ್ತಿರಲಿಲ್ಲ.

ಇನ್ನೊಂದು ದಿನ ಅವರು ನನ್ನ ಹಿಂದೆ ನಿಂತು ಪರದೆ ನೋಡುತ್ತಿದ್ದರು. ಟವರ್ ಎಂಬ ಊರಿನ ಸೈನ್ಯದಲ್ಲಿ ನಾಗಗಳಿವೆ. ಸೊಂಟದ ಮೇಲೆ ಹೆಣ್ಣು, ಕೆಳಗೆ ಹಾವು, ಹಲವು ಕೈಗಳಲ್ಲಿ ಕತ್ತಿ. ನಕ್ಷೆಯಲ್ಲಿ ಅಲ್ಲಲ್ಲಿ ನಾಗಗಳು ಕಾಯುವ ಭಂಡಾರವೂ ಇರುತ್ತದೆ, ಗೆದ್ದರೆ ಚಿನ್ನ, ಜೊತೆಗೆ ರತ್ನಗಳು. ನಾನು ಒಳಗೆ ನುಗ್ಗಲು ಹೊರಟಿದ್ದೆ. ಅಜ್ಜ ಹೆಗಲ ಮೇಲೆ ಕೈಯಿಟ್ಟು, "ಅದೊಂದು ಬಿಟ್ಟುಬಿಡು ಮಗಾ" ಅಂದರು. ತೋಟದ ಅಂಚಿನ ನಾಗಬನಕ್ಕೆ ವರ್ಷಕ್ಕೊಮ್ಮೆ ಹಾಲೆರೆಯುವ ಮನೆ ನಮ್ಮದು. ಬಿಟ್ಟೆ. ಆಮೇಲೂ ಬಿಟ್ಟೆ. ಆಟದಲ್ಲಿ ನನ್ನ ಊರು ಕ್ಯಾಸಲ್. ಅಲ್ಲಿ ಒಬ್ಬ ಏಂಜೆಲ್‌ಗೆ, ಅಂದರೆ ರೆಕ್ಕೆಯ ದೇವದೂತನಿಗೆ, 3000 ಚಿನ್ನದ ಜೊತೆ ಒಂದು ರತ್ನ, ಅದಕ್ಕೂ ಮೇಲಿನ ಆರ್ಕೇಂಜೆಲ್‌ಗೆ 5000 ಚಿನ್ನ ಮತ್ತು ಮೂರು ರತ್ನ ಕೊಡಬೇಕು. ನಾಗಭಂಡಾರ ಬಿಟ್ಟವನಿಗೆ ಆ ರತ್ನ ಹೊಂದಿಸುವುದೇ ದೊಡ್ಡ ಪಾಡು. ಇವತ್ತಿಗೂ ನನಗೆ ಅಲ್ಲಿಗೆ ಹೋಗಲು ಮನಸ್ಸು ಬರುವುದಿಲ್ಲ.

ಎದುರಿರುವ ಗುಂಪಿನಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ಆಟ ಲೆಕ್ಕ ಕೊಡುವುದಿಲ್ಲ, ಒಂದು ಪದ ಕೊಡುತ್ತದೆ. ನಾಲ್ಕರವರೆಗೆ ಫ್ಯೂ, ಒಂಬತ್ತರವರೆಗೆ ಸೆವೆರಲ್, ಆಮೇಲೆ ಪ್ಯಾಕ್, ಲಾಟ್ಸ್, ಹೋರ್ಡ್, ಥ್ರಾಂಗ್, ಸ್ವಾರ್ಮ್, ಜೌಂಡ್ಸ್, 1000 ದಾಟಿದರೆ ಲೀಜನ್. ಕನ್ನಡ ಶಾಲೆಯ ನಮಗೆ ಮೊದಲ ಎರಡು ಗೊತ್ತಿದ್ದವು. ಉಳಿದವನ್ನು ಅಪ್ಪನ ಡಿಕ್ಷನರಿಯಲ್ಲಿ ಹುಡುಕಿದರೆ ಎಲ್ಲದಕ್ಕೂ ಗುಂಪು, ಗುಂಪು, ಗುಂಪು ಎಂದೇ ಇತ್ತು. ಯಾವ ಗುಂಪು ದೊಡ್ಡದು ಎಂದು ತಿಳಿಯದೆ ಹೋಗಿ ನನ್ನ ಅರ್ಧ ಸೈನ್ಯ ಮಣ್ಣಾಯಿತು. ಅಕ್ಕ ಒಂದು ನೋಟ್‌ಬುಕ್ ಹಿಡಿದು, ಯುದ್ಧದಲ್ಲಿ ಎಷ್ಟು ಮಂದಿ ಬಂದರು ಎಂದು ಪ್ರತಿ ಸಲ ಬರೆದು, ತಿಂಗಳು ಕಳೆಯುವಷ್ಟರಲ್ಲಿ ಅಳತೆ ಹಿಡಿದಳು. ಅದಕ್ಕೆ ನಮ್ಮವೇ ಹೆಸರು ಇಟ್ಟೆವು. ಹತ್ತರಿಂದ ಮೇಲೆ ಹಿಂಡು, ಇಪ್ಪತ್ತರಿಂದ ದಿಬ್ಬಣ, ಐವತ್ತರಿಂದ ಸಂತೆ, ನೂರು ದಾಟಿದರೆ ತೇರು, ಇನ್ನೂರೈವತ್ತಕ್ಕೆ ಹೆಜ್ಜೇನು, ಐನೂರಕ್ಕೆ ಮಾರಿಜಾತ್ರೆ, ಸಾವಿರಕ್ಕೆ ಅಕ್ಷೋಹಿಣಿ. "ಬಾವಿ ಪಕ್ಕ ಒಂದು ಸಂತೆ ಕಾಡುಕುಬ್ಜರು ಕೂತಿದ್ದಾರೆ ಕಣೋ" ಎಂದು ಅವಳು ಊಟದ ಮನೆಯಲ್ಲಿ ಹೇಳಿದರೆ ಅಮ್ಮ ಬಿಟ್ಟು ಎಲ್ಲರಿಗೂ ಅರ್ಥವಾಗುತ್ತಿತ್ತು.

ಅಕ್ಕನ ಊರು ನೆಕ್ರೊಪೊಲಿಸ್, ಸತ್ತವರ ಊರು. ಅವಳ ನೆಚ್ಚಿನ ಹೀರೊ ವಿಡೊಮಿನಾ ಎಂಬ ಮಾಂತ್ರಿಕೆ. ಆ ಊರಿನವರು ಒಂದೊಂದು ಯುದ್ಧ ಗೆದ್ದಾಗಲೂ ಸತ್ತ ವೈರಿಗಳಲ್ಲಿ ಒಂದು ಪಾಲು ಅಸ್ಥಿಪಂಜರಗಳಾಗಿ ಎದ್ದು ಅವರ ಸೈನ್ಯಕ್ಕೆ ಸೇರುತ್ತಾರೆ. ನನಗೆ ಗೆದ್ದರೂ ನಷ್ಟ, ಅವಳಿಗೆ ಗೆದ್ದಷ್ಟೂ ಲಾಭ. ಇದು ಸರಿಸಮನಾದ ಆಟವಲ್ಲ ಎಂದು ಬಲ್ಲವರು ಇಂದಿಗೂ ವಾದಿಸುತ್ತಾರೆ. ಸರಿಸಮ ಅಲ್ಲವೇ ಅಲ್ಲ. ಆದರೆ ಎಂಟೂ ಊರುಗಳಿಗೆ ಒಂದೊಂದು ಸ್ವಭಾವ ಇದೆಯಲ್ಲ, ಅದಕ್ಕೇ ಈ ಆಟ ಇಷ್ಟು ವರ್ಷ ಉಳಿದದ್ದು. ಸಮತೂಕಕ್ಕಾಗಿ ಸ್ವಭಾವವನ್ನು ಸವರಿಬಿಟ್ಟಿದ್ದರೆ ಅಕ್ಕ ಅಕ್ಕನಂತೆ ಆಡುತ್ತಿರಲಿಲ್ಲ.

ಅವಳು ಚಿಲ್ಲರೆ ಕೂಡಿಸುವವಳು. ಹಬ್ಬಕ್ಕೆ ಕೊಟ್ಟ ಹತ್ತು ರೂಪಾಯಿಯನ್ನು ಮುಂದಿನ ಹಬ್ಬದವರೆಗೆ ಇಟ್ಟುಕೊಂಡವಳು. ಇಲ್ಲೂ ಹಾಗೇ. ಮೂರು ಮೂರು, ಐದು ಐದು ಅಸ್ಥಿಪಂಜರ ಕೂಡಿಸುತ್ತಾ ನಾಲ್ಕನೇ ತಿಂಗಳಿಗೆ ಮಾರಿಜಾತ್ರೆ ಮಾಡುತ್ತಿದ್ದಳು. ನಡೆಯಲಾರದ ಸೋಮಾರಿ ಹೆಣಗಳನ್ನು, ಅಂದರೆ ಜೋಂಬಿಗಳನ್ನು, ಅವಳು ಜೊತೆಗೆ ಒಯ್ಯುತ್ತಿರಲಿಲ್ಲ. ದಿನ ಬೆಳಗಾಗುವಾಗ ಸೈನ್ಯದಲ್ಲಿ ಅತಿ ನಿಧಾನದವರು ಯಾರೋ ಅವರನ್ನು ನೋಡಿ ಆಟ ಹೀರೊನ ಅವತ್ತಿನ ಹೆಜ್ಜೆ ನಿಗದಿ ಮಾಡುತ್ತದೆ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ, ಅವಳೇ ಕಂಡುಕೊಂಡದ್ದು. ಆಮೇಲೆ ಇನ್ನೊಂದು ಕಂಡುಕೊಂಡಳು. ದಾರಿಯುದ್ದಕ್ಕೂ ಒಂದೊಂದು ದಿನದ ಅಂತರಕ್ಕೆ ಒಬ್ಬೊಬ್ಬ ಹೀರೊನನ್ನು ನಿಲ್ಲಿಸುವುದು, ಸೈನ್ಯವನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುವುದು. ಹಿಂದಿನ ಕಾಲದ ಅಂಚೆಯವರು ಚೀಲ ದಾಟಿಸಿದ ಹಾಗೆ. ಒಂದು ವಾರದ ದಾರಿಯಲ್ಲಿದ್ದಾಳೆ ಎಂದು ನಾನು ನೆಮ್ಮದಿಯಾಗಿ ಜಗಲಿಯಲ್ಲಿ ಕೂತಿದ್ದ ದಿನ ಅವಳ ದಂಡು ನನ್ನ ಕೋಟೆಯ ಬಾಗಿಲಲ್ಲಿತ್ತು.

ಯುದ್ಧ ಬಂದಾಗ ಮಾತ್ರ ಇಬ್ಬರೂ ಒಟ್ಟಿಗೆ ಕೂರಬೇಕು. ಷಟ್ಕೋನದ ಮನೆಗಳ ಕಣ, ಆಚೆ ಅವಳ ಏಳು ಪಡೆ, ಈಚೆ ನನ್ನ ಏಳು ಪಡೆ, ಒಂದೇ ಮೌಸು. ವೇಗ ಹೆಚ್ಚಿರುವ ಪಡೆಗೆ ಮೊದಲ ಸರದಿ. ಏಟು ತಿಂದವರು ಒಂದು ಸುತ್ತಿನಲ್ಲಿ ಒಂದು ಸಲ ತಿರುಗಿ ಹೊಡೆಯಬಹುದು. ಹೀರೊ ಕಣಕ್ಕೆ ಇಳಿಯುವುದಿಲ್ಲ, ಮೂಲೆಯಲ್ಲಿ ಕುದುರೆಯ ಮೇಲೆ ಕೂತು ಸುತ್ತಿಗೊಂದು ಮಂತ್ರ ಹಾಕುತ್ತಾನೆ. ನಿಯಮ ಇಷ್ಟೇ.

ಇದರಲ್ಲಿ ಮರಳುಗಡಿಯಾರದ ಚಿತ್ರ ಇರುವ ಒಂದು ಗುಂಡಿ ಇದೆ. ಕಾಯುವ ಗುಂಡಿ. ಅದನ್ನು ಒತ್ತಿದರೆ ಆ ಪಡೆ ತನ್ನ ಸರದಿಯನ್ನು ಸುತ್ತಿನ ಕೊನೆಗೆ ತಳ್ಳುತ್ತದೆ. ಬಹಳ ದಿನ ನನಗೆ ಅದು ಯಾತಕ್ಕೆ ಎಂದು ತಿಳಿಯಲಿಲ್ಲ. ನನ್ನ ಏಂಜೆಲ್‌ಗಳು ಕಣದಲ್ಲೇ ಎಲ್ಲರಿಗಿಂತ ವೇಗದವರು, ಸರದಿ ಸಿಕ್ಕ ಕ್ಷಣ ಹಾರಿ ಹೋಗಿ ಅವಳ ಪಾಳೆಯದ ನಡುವೆ ಇಳಿಯುತ್ತಿದ್ದರು, ಒಂದು ಏಟು ಹೊಡೆಯುತ್ತಿದ್ದರು, ಸುತ್ತಲಿಂದ ಆರು ಏಟು ತಿನ್ನುತ್ತಿದ್ದರು. ಅಕ್ಕ ಪ್ರತಿ ಸಲ ಅದನ್ನೇ ಕಾದು ಕೂತಿರುತ್ತಿದ್ದಳು. ಒಂದು ಸಂಜೆ ಸೋತು ನಾನು ಎದ್ದು ಹೋಗುವಾಗ ಕೈ ಹಿಡಿದು ಕೂರಿಸಿ, "ನಿನ್ನ ಹತ್ರ ಇರೋದ್ರಲ್ಲೇ ಒಳ್ಳೇದು ಆ ಏಂಜೆಲ್ಲು. ಅದನ್ನ ಮೊದಲು ಕಳಿಸ್ತೀಯಲ್ಲ, ಯಾಕೆ?" ಎಂದು ಕೇಳಿದಳು. ಅದಕ್ಕೆ ವೇಗ ಹೆಚ್ಚು, ಅದಕ್ಕೇ ಅಂದೆ. "ವೇಗ ಇದ್ದವರು ಮೊದಲು ಹೋಗ್ಲೇಬೇಕು ಅಂತ ಎಲ್ಲಿದೆ?" ಅಂದಳು.

ಮರುದಿನ ಆ ಗುಂಡಿ ಒತ್ತಿದೆ. ಕಾದವರಲ್ಲಿ ನಿಧಾನದವರಿಗೆ ಮೊದಲು, ವೇಗದವರಿಗೆ ಎಲ್ಲರಿಗಿಂತ ಕೊನೆಗೆ ಸರದಿ ಬರುತ್ತದೆ. ಅಷ್ಟರಲ್ಲಿ ಅವಳ ವ್ಯಾಂಪೈರ್‌ಗಳು ಮುಂದೆ ಬಂದಾಗಿತ್ತು. ಸುತ್ತಿನ ಕೊನೆಯ ಏಟು ನನ್ನ ಏಂಜೆಲ್‌ನದು. ಹೊಸ ಸುತ್ತು ಶುರುವಾದರೆ ಮೊದಲ ಏಟೂ ಅದರದೇ, ಯಾಕೆಂದರೆ ವೇಗ ಅದರದೇ ಹೆಚ್ಚು. ನಡುವೆ ಯಾರೂ ಉಸಿರು ಬಿಡದ ಹಾಗೆ ಎರಡು ಏಟು ಬೆನ್ನಿಗೆ ಬೆನ್ನು ಬಿದ್ದವು. ಅಕ್ಕ ಮೌಸ್ ಬಿಟ್ಟು ನನ್ನ ಮುಖ ನೋಡಿದಳು. ಆ ಯುದ್ಧ ನಾನು ಗೆಲ್ಲಲಿಲ್ಲ. ಅವಳು ನಿಧಾನದ ಮಂತ್ರ ಹಾಕಿ ನನ್ನ ಇಡೀ ಸೈನ್ಯದ ವೇಗವನ್ನು ಅರ್ಧಕ್ಕೆ ಇಳಿಸಿದಳು, ಅಲ್ಲಿಗೆ ಲೆಕ್ಕ ತಲೆಕೆಳಗಾಯಿತು. ಆದರೆ ಅವಳು ನೋಡಿದ ಆ ನೋಟ ಗೆಲುವಿಗಿಂತ ಹೆಚ್ಚಿನದಾಗಿ ನನ್ನ ಹತ್ತಿರ ಇದೆ.

ಸಂಗೀತದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಪಾಲ್ ರೊಮೆರೊ ಮತ್ತು ಅವರ ಜೊತೆಗಾರರು ಮಾಡಿದ ಸಂಗೀತ. ಪ್ರತಿ ಊರಿಗೂ ಅದರದೇ ಒಂದು ರಾಗ. ಊರಿನ ಒಳಗೆ ಹೋದರೆ ಅದು ಶುರುವಾಗುತ್ತದೆ. ಹಾಗಾಗಿ ಜಗಲಿಯಲ್ಲಿ ಕೂತ ನನಗೆ ಅಕ್ಕ ಈಗ ಊರಲ್ಲಿದ್ದಾಳೋ ಹೊರಗಿದ್ದಾಳೋ, ಹುಲ್ಲುಗಾವಲಿನಲ್ಲಿ ನಡೆಯುತ್ತಿದ್ದಾಳೋ ಜೌಗಿನಲ್ಲೋ ಎಂದು ಸದ್ದಿನಲ್ಲೇ ತಿಳಿಯುತ್ತಿತ್ತು. ಅವಳಿಗೆ ಇದು ಗೊತ್ತಾದ ದಿನ ಸ್ಪೀಕರ್ ಆರಿಸಿದಳು. ಆಟದ ಫೋಲ್ಡರಿನೊಳಗೆ ಆ ಹಾಡುಗಳೆಲ್ಲ ಎಂಪಿತ್ರೀ ಫೈಲುಗಳಾಗಿ ಬಿದ್ದಿವೆ ಎಂದು ಆಮೇಲೆ ನಮಗೆ ತಿಳಿಯಿತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುವಾಗ ನಾನು ಕೇಳುತ್ತಿದ್ದದ್ದು ರ‍್ಯಾಂಪಾರ್ಟ್ ಎಂಬ ಕಾಡಿನ ಊರಿನ ಸಂಗೀತ. ಇಂದಿಗೂ ಅದನ್ನು ಕೇಳಿದರೆ ಒದ್ದೆ ಮಣ್ಣು, ಹೊಗೆಯಲ್ಲಿ ಒಣಗಿದ ಬಟ್ಟೆ, ಎರಡರ ವಾಸನೆಯೂ ಬರುತ್ತದೆ.

ಆಟ ಮಾಡಿದ ಕಂಪನಿಯ ಕತೆ ನಾವು ದೊಡ್ಡವರಾದ ಮೇಲೆ ಓದಿದ್ದು. ಈ ಲೋಕವನ್ನು ಕಟ್ಟಿದವರು ಜಾನ್ ವ್ಯಾನ್ ಕೇನೆಗೆಮ್. ಅವರು 1990ರಲ್ಲಿ ಮಾಡಿದ ಕಿಂಗ್ಸ್ ಬೌಂಟಿ ಎಂಬ ಆಟವೇ ಇದರ ಬೇರು. ಮೂರನೆಯ ಆಟಕ್ಕೆ ಫೋರ್ಜ್ ಎಂಬ ಹೊಸ ಊರು ಸೇರಿಸಲು ಹೊರಟಿದ್ದರಂತೆ, ಯಂತ್ರಗಳ ಊರು. ಮಂತ್ರದ ಲೋಕಕ್ಕೆ ಯಂತ್ರ ಯಾಕೆ ಎಂದು ಅಭಿಮಾನಿಗಳು ಗಲಾಟೆ ಮಾಡಿದರು. ಅದನ್ನು ಕೈಬಿಟ್ಟು 1999ರಲ್ಲೇ ಬಂದ ಮೊದಲ ವಿಸ್ತರಣೆಯಲ್ಲಿ, ಅಂದರೆ ಆಟಕ್ಕೆ ಸೇರಿಸಿಕೊಳ್ಳುವ ಹೆಚ್ಚುವರಿ ಭಾಗದಲ್ಲಿ, ಕಾನ್‌ಫ್ಲಕ್ಸ್ ಎಂಬ ಊರು ತಂದರು. ನನಗೆ ಇದರಲ್ಲಿ ಅಭಿಮಾನಿಗಳ ತಪ್ಪೇ ಕಾಣುತ್ತದೆ. ಈ ಲೋಕದ ಹಳೆಯ ಆಟಗಳಲ್ಲಿ ಆಕಾಶನೌಕೆಗಳೂ ಯಂತ್ರಗಳೂ ಮೊದಲಿನಿಂದ ಇದ್ದವು. ಕಟ್ಟಿದವರಿಗೆ ತಮ್ಮ ಲೋಕ ಚೆನ್ನಾಗಿಯೇ ಗೊತ್ತಿತ್ತು. ತ್ರೀಡಿಓ 2003ರಲ್ಲಿ ದಿವಾಳಿಯಾಯಿತು. ಯೂಬಿಸಾಫ್ಟ್ ಎಂಬ ಇನ್ನೊಂದು ಕಂಪನಿ 13 ಲಕ್ಷ ಡಾಲರಿಗೆ ಆಟದ ಹಕ್ಕು ಕೊಂಡಿತು. 2015ರಲ್ಲಿ ಹೊಸ ಪರದೆಗಳಿಗೆ ಹೊಂದುವ ಆವೃತ್ತಿ ತಂದಾಗ ಎರಡು ವಿಸ್ತರಣೆಗಳು ಅದರಲ್ಲಿರಲಿಲ್ಲ, ಅವುಗಳ ಮೂಲ ಕೋಡ್ ಸಿಗಲಿಲ್ಲ ಎಂದರು. ನಾನು ಅದನ್ನು ಆಡುವುದಿಲ್ಲ. ಆಟದ ಜೀವ ಈಗ ಅಭಿಮಾನಿಗಳ ಕೈಯಲ್ಲಿದೆ, ರಷ್ಯನ್ ಮಾತಾಡುವವರಲ್ಲಿ, ಪೋಲೆಂಡಿನವರಲ್ಲಿ ಹೆಚ್ಚಾಗಿ. ಹಾರ್ನ್ ಆಫ್ ದಿ ಅಬಿಸ್ ಎಂಬ ಅವರ ಉಚಿತ ವಿಸ್ತರಣೆಯಲ್ಲಿ ಕಡಲ್ಗಳ್ಳರ ಊರೊಂದಿದೆ, ಇತ್ತೀಚೆಗೆ ಫ್ಯಾಕ್ಟರಿ ಎಂಬ ಯಂತ್ರಗಳ ಊರೂ ಬಂದಿದೆ. ಒಂದು ಕಾಲಕ್ಕೆ ಬೇಡವೆಂದು ಕೂಗಿದ್ದನ್ನೇ ಹೋಲುವ ಊರನ್ನು ಇಪ್ಪತ್ತು ವರ್ಷ ಕಳೆದ ಮೇಲೆ ಅಭಿಮಾನಿಗಳೇ ಕೂತು ಒಂದೊಂದು ಚುಕ್ಕೆ ಇಟ್ಟು ಕಟ್ಟಿದ್ದಾರೆ. ಅದನ್ನು ಮೊದಲ ಸಲ ನೋಡಿದಾಗ ನನಗೆ ಗಂಟಲು ಕಟ್ಟಿತು.

ಅಕ್ಕ ಇಂಜಿನಿಯರಿಂಗಿಗೆಂದು ಹಾಸ್ಟೆಲಿಗೆ ಹೋಗುವಾಗ ನಮ್ಮ ಆಟವೊಂದು ಅರ್ಧಕ್ಕೆ ನಿಂತಿತ್ತು. ಐದನೇ ತಿಂಗಳು, ಎರಡನೇ ವಾರ, ಮೂರನೇ ದಿನ. ಸರದಿ ಅವಳದು. ಅವಳು ಅದನ್ನು ಫ್ಲಾಪಿಗೆ ಹಾಕಿ ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಇಟ್ಟುಕೊಂಡಳು. ದಸರಾ ರಜೆಗೆ ಬಂದು ಫ್ಲಾಪಿ ಹಾಕಿದರೆ ಗರ್ ಗರ್ ಸದ್ದು ಮಾತ್ರ. ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿ ಅಷ್ಟರಲ್ಲಿ ಹಾರ್ಡ್‌ಡಿಸ್ಕಿನೊಂದಿಗೆ ಹೋಗಿತ್ತು. ಹೊಸತು ಶುರುಮಾಡೋಣ ಅಂದೆ. ಅವಳು ಬೇಡ ಅಂದಳು. ಅಜ್ಜ ತೀರಿಕೊಂಡ ವರ್ಷ ಅದು. ಆಮೇಲೆ ಬಹಳ ವರ್ಷ ನಾವು ಆಡಲಿಲ್ಲ.

ಈಗ ಅಕ್ಕ ಪುಣೆಯಲ್ಲಿದ್ದಾಳೆ. ಎರಡು ವರ್ಷದ ಹಿಂದೆ ಒಂದು ರಾತ್ರಿ ಅವಳಿಂದ ಮೇಲ್ ಬಂತು, ಒಂದು ಸೇವ್ ಫೈಲು, ಕೆಳಗೆ ಒಂದೇ ಸಾಲು: "ಮುಗೀತು, ಬಾರೋ." ಅಲ್ಲಿಂದ ದಿನಕ್ಕೊಂದು ಸರದಿ. ಅವಳು ಮಗಳನ್ನು ಮಲಗಿಸಿ ತನ್ನ ದಿನ ಆಡಿ ಕಳಿಸುತ್ತಾಳೆ, ನಾನು ಬೆಳಿಗ್ಗೆ ಕಾಫಿಯ ಜೊತೆ ನನ್ನ ದಿನ ಆಡಿ ಕಳಿಸುತ್ತೇನೆ. ಯಾರ ಸರದಿಯಲ್ಲಿ ಫೈಲು ತೆರೆದರೂ ಇನ್ನೊಬ್ಬರ ಊರು ಕಾಣಲು ಒಂದೇ ಕ್ಲಿಕ್ ಸಾಕು. ನಾನು ನೋಡಿಲ್ಲ. ಅವಳೂ ನೋಡಿಲ್ಲ ಎಂದು ನನಗೆ ಗೊತ್ತು.

ಒಂದೇ ತೊಡಕು ಯುದ್ಧದ್ದು. ಇಬ್ಬರ ಸೈನ್ಯ ಎದುರಾದರೆ ಒಂದೇ ಪರದೆಯ ಮುಂದೆ ಇಬ್ಬರೂ ಇರಬೇಕು. ಇ-ಮೇಲಿನಲ್ಲಿ ಅದು ಆಗದು. ಹಾಗಾಗಿ ಒಪ್ಪಂದ ಮಾಡಿಕೊಂಡಿದ್ದೇವೆ: ಎದುರಾದರೆ ನಿಲ್ಲುವುದು, ಮನೆಯಲ್ಲಿ ಸೇರಿದಾಗ ಕಾದಾಡುವುದು. ಹೋದ ಆಷಾಢದಲ್ಲಿ ಎರಡು ಬೆಟ್ಟಗಳ ನಡುವಿನ ಸಂದಿಯಲ್ಲಿ ಅವಳ ವಿಡೊಮಿನಾ ನನಗೆ ಸಿಕ್ಕಳು. ಕರ್ಸರ್ ಇಟ್ಟು ನೋಡಿದೆ. ಅಸ್ಥಿಪಂಜರಗಳ ಕೆಳಗೆ ಬರೆದಿದ್ದ ಪದ ಲೀಜನ್. ಅಕ್ಷೋಹಿಣಿ ಮಾಡಿಬಿಟ್ಟಿದ್ದಾಳೆ.

ಆಡಿದ್ದನ್ನು ಸೇವ್ ಮಾಡಿ ಅವಳಿಗೆ ಫೋನ್ ಮಾಡಿದೆ. ದೀಪಾವಳಿಗೆ ಟಿಕೆಟ್ ಆಗಿದೆ ಅಂದಳು. ನನ್ನ ಐದು ಆರ್ಕೇಂಜೆಲ್‌ಗಳು ಆ ಸಂದಿಯ ಈಚೆ ನಿಂತಿವೆ. ಈ ಸಲ ಅಮ್ಮ ಕಂಪ್ಯೂಟರ್ ಮೇಜನ್ನು ಜಗಲಿಗೇ ಹಾಕಿಸಿದ್ದಾರೆ, ಪಕ್ಕದಲ್ಲಿ ಎರಡು ಕುರ್ಚಿ.